ನೀಲಿ ಬೆಂಕಿಗೆ ಕಡ್ಡಿ ಇಟ್ಟ ಅತ್ತೆ

ನಮ್ಮತ್ತೆಗೆ ಕೆಲಸದ ಜಾಗದಲ್ಲಿ ಕಡ್ಡಿ ಅಂತಲೇ ಹೆಸರು. ಅದಕ್ಕೆ ಎರಡು ಕಾರಣ. ಒಂದು, ಅವಳು ಮಾತಾಡಿದರೆ ಕಡ್ಡಿ ಮುರಿದ ಹಾಗೆ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ; ನಡುವೆ ‘ನೋಡೋಣ’ ಅನ್ನುವ ಮಾತು ಅವಳ ಬಾಯಲ್ಲಿ ಬಂದಿದ್ದನ್ನು ನಾನಂತೂ ಕೇಳಿಲ್ಲ. ಇನ್ನೊಂದು, ಅವಳ ಉದ್ಯೋಗವೇ ಕಡ್ಡಿ ಹಾಕುವುದು. ಬಾಹ್ಯಾಕಾಶದಲ್ಲಿ ನೌಕೆಯನ್ನು ತಳ್ಳುವ ಅಯಾನು ಎಂಜಿನ್ ಅಂತ ಇದೆ. ಅದರ ಒಡಲಲ್ಲಿ ಉರಿಯುವ ಪ್ಲಾಸ್ಮಾದೊಳಗೆ ಕೂದಲಿನಷ್ಟು ಸಣ್ಣ ತಂತಿ ತೂರಿಸಿ, ಒಳಗೆ ಎಷ್ಟು ಬಿಸಿ, ಎಷ್ಟು ದಟ್ಟ ಅಂತ ಅಳೆಯುವವಳು ಅವಳು.

ನಾನು ಅವಳ ಅಣ್ಣನ ಮಗಳು. ಅತ್ತೆ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಇದ್ದಳು. ಕೆಳಗೆ ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆ ಅಜ್ಜನ ಅಂಗಡಿ. ಅಜ್ಜ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಊರಿನ ಅರ್ಧ ದರ್ಜಿಗಳು ಬೆಳಗಾದರೆ ನಮ್ಮ ಮೆಟ್ಟಿಲ ಮೇಲೆ ಯಂತ್ರ ತಂದಿಟ್ಟು, ಅದರ ಕಾಯಿಲೆಯನ್ನು ತಮ್ಮ ಹೆಂಡತಿಯ ಕಾಯಿಲೆಗಿಂತ ವಿವರವಾಗಿ ಹೇಳಿಕೊಳ್ಳುತ್ತಿದ್ದರು. ಅತ್ತೆ ಅಲ್ಲೇ ಬೆಳೆದವಳು. ಅಕ್ಷರ ಕಲಿಯುವ ಮೊದಲೇ ಸ್ಕ್ರೂ ಬಿಚ್ಚಲು ಕಲಿತಳು ಅಂತ ಅಜ್ಜ ಹೇಳುತ್ತಿದ್ದ. ಬಿಚ್ಚಿದ್ದನ್ನು ಮತ್ತೆ ಹಾಕಲು ಕಲಿತಿದ್ದು ಮಾತ್ರ ಬಹಳ ಆಮೇಲೆ ಅಂತಲೂ ಸೇರಿಸುತ್ತಿದ್ದ. ಓದಿನಲ್ಲಿ ಮುಂದಿದ್ದಳು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಊರ ಹೊರಗಿನ ಪ್ರಯೋಗಾಲಯ ಸೇರಿದಳು.

ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, “ಅತ್ತೆ, ನೀನು ಆಫೀಸಲ್ಲಿ ಏನ್ ಮಾಡ್ತೀಯ?”

“ಜ್ವರ ನೋಡ್ತೀನಿ.”

“ಯಾರಿಗೆ?”

“ಎಂಜಿನ್ನಿಗೆ. ಆದ್ರೆ ಅದು ಥರ್ಮಾಮೀಟರನ್ನೇ ನುಂಗಿ ನೀರು ಕುಡಿಯೋ ಅಂಥ ಜ್ವರ.”

ದೊಡ್ಡವಳಾದ ಮೇಲೆ ಅವಳು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಉದ್ದನೆಯ ಹಜಾರ, ಅದರ ನಡುವೆ ಬಸ್ಸಿನಷ್ಟು ದೊಡ್ಡ ಉಕ್ಕಿನ ತೊಟ್ಟಿ. ತೊಟ್ಟಿಯೊಳಗಿನ ಗಾಳಿಯನ್ನೆಲ್ಲ ಪಂಪುಗಳು ಹೀರಿ ಹಾಕಿ, ಒಳಗೆ ಬಾಹ್ಯಾಕಾಶದಂಥದೇ ಶೂನ್ಯ ಮಾಡಿರುತ್ತವೆ. ಪಂಪುಗಳ ಗುಂಯ್ ಸದ್ದು ನೆಲದಿಂದ ಅಂಗಾಲಿಗೆ ಹತ್ತುತ್ತಿತ್ತು. ಒಂದು ದಪ್ಪ ಗಾಜಿನ ದುಂಡು ಕಿಟಕಿಯಿಂದ ನೋಡಿದರೆ ಒಳಗೆ ಎಂಜಿನ್. ಊಟದ ತಟ್ಟೆಯಷ್ಟು ಅಗಲದ ಬಾಯಿ, ಅದರಿಂದ ಹೊರಬರುವ ತಿಳಿನೀಲಿ ಬೆಳಕು. ಸದ್ದಿಲ್ಲ, ಹೊಗೆಯಿಲ್ಲ.

ಅತ್ತೆ ಹೇಳಿದಳು: ಎಂಜಿನ್ನಿನ ಒಳಗೆ ಕ್ಸೆನಾನ್ ಅನ್ನುವ ಅನಿಲ ಬಿಡುತ್ತಾರೆ. ಹಿಂಬದಿಯಲ್ಲಿ ಕ್ಯಾಥೋಡ್ ಅಂತ ಒಂದು ಸಣ್ಣ ಕೊಳವೆ. ಅದು ಎಲೆಕ್ಟ್ರಾನುಗಳನ್ನು ಉಗುಳುತ್ತದೆ. ಅವು ಅನಿಲದ ಕಣಗಳಿಗೆ ಡಿಕ್ಕಿ ಹೊಡೆದು ಅವುಗಳಿಂದ ಎಲೆಕ್ಟ್ರಾನು ಕಿತ್ತು ಹಾಕುತ್ತವೆ. ಎಲೆಕ್ಟ್ರಾನು ಕಳೆದುಕೊಂಡ ಕಣವೇ ಅಯಾನು; ಹೀಗೆ ಬಿಡಿಬಿಡಿಯಾದ ಅನಿಲವೇ ಪ್ಲಾಸ್ಮಾ. ಎಂಜಿನ್ನಿನ ಬಾಯಿಗೆ ತೂತುತೂತಿನ ಎರಡು ಜಾಲರಿ, ಅವುಗಳ ನಡುವೆ ಭಾರೀ ವೋಲ್ಟೇಜ್. ಅದು ಅಯಾನುಗಳನ್ನು ಸೆಳೆದು ಹೊರಗೆ ಎಸೆಯುತ್ತದೆ. ಅವು ಹಿಂದಕ್ಕೆ ಹೋದರೆ ನೌಕೆ ಮುಂದಕ್ಕೆ.

“ತಳ್ಳೋ ಬಲ ಎಷ್ಟು ಗೊತ್ತಾ?” ಅಂತ ನನ್ನ ಅಂಗೈ ಮೇಲೆ ಒಂದು ಹಾಳೆ ಕಾಗದ ಇಟ್ಟಳು. “ಇಷ್ಟೇ.”

“ಇಷ್ಟೇನಾ? ಇದಕ್ಕೆ ಇಷ್ಟು ದೊಡ್ಡ ಹಜಾರನಾ?”

“ಹನಿಹನಿಗೂಡಿದ್ರೆ ಹಳ್ಳ ಕಣೇ. ಅಲ್ಲಿ ತಡೆಯೋಕೆ ಗಾಳಿ ಇಲ್ಲ. ಇದು ವರ್ಷಗಟ್ಟಲೆ ಬಿಡದೆ ತಳ್ಳುತ್ತೆ. ಬಿಡದೆ ತಳ್ಳೋನ ಮುಂದೆ ಯಾವ ಪೈಲ್ವಾನನೂ ನಿಲ್ಲಲ್ಲ.”

ವರ್ಷಗಟ್ಟಲೆ ಅನ್ನುವಲ್ಲೇ ಎಲ್ಲ ಕಷ್ಟ ಇದ್ದದ್ದು. ಎಂಜಿನ್ ಅಷ್ಟು ಕಾಲ ಬಾಳಬೇಕಾದರೆ ಒಳಗೆ ಯಾವುದೂ ಸವೆಯಬಾರದು. ಸವೆಯುತ್ತದೋ ಇಲ್ಲವೋ ತಿಳಿಯಬೇಕಾದರೆ ಒಳಗಿನ ಪ್ಲಾಸ್ಮಾ ಹೇಗಿದೆ ಅಂತ ಗೊತ್ತಾಗಬೇಕು. ಗೋಡೆಯ ಹತ್ತಿರ ಅಳೆಯುವುದು ಸುಲಭ. ಅಲ್ಲಿ ಪ್ಲಾಸ್ಮಾ ತೆಳು. ಕ್ಯಾಥೋಡಿನ ಬಾಯಿಯ ಹತ್ತಿರ ಹೋದಷ್ಟೂ ದಟ್ಟ. ಅಲ್ಲಿಗೆ ಹೋದ ತಂತಿ ಕರಗುತ್ತದೆ. ಕರಗದೆ ನಿಂತರೂ ಅದರಿಂದಾಗಿ ಪ್ಲಾಸ್ಮಾ ಕೆಡುತ್ತದೆ. ನಿದ್ದೆ ಬಂದಿದೆಯಾ ಅಂತ ಮಗುವನ್ನು ಅಲುಗಾಡಿಸಿ ಕೇಳಿದ ಹಾಗೆ. ಹಾಗಾಗಿ ಅಲ್ಲಿ ಏನಿದೆ ಅಂತ ಎಲ್ಲರೂ ಲೆಕ್ಕ ಹಾಕುತ್ತಿದ್ದರೇ ಹೊರತು ನೋಡಿದವರಿರಲಿಲ್ಲ.

ಅತ್ತೆಗೆ ನೋಡಬೇಕಿತ್ತು. ಪರೀಕ್ಷೆಗೆಂದೇ ಇದ್ದ ಒಂದು ಎಂಜಿನ್ನಿನ ಜಾಲರಿಗಳಲ್ಲಿ ಸೀಳು ಮಾಡಿಸಿ, ಪಿಂಗಾಣಿ ಕೊಳವೆಯ ತುದಿಗೆ ಟಂಗ್‌ಸ್ಟನ್ ತಂತಿ ಕೂರಿಸಿ, ಮೋಟಾರಿನ ತೋಳಿನಿಂದ ಅದನ್ನು ಮೆಲ್ಲಗೆ ಒಳಗೆ ಬಿಟ್ಟಳು. ವಿಭಾಗದ ಮುಖ್ಯಸ್ಥರೂ ಪಕ್ಕದಲ್ಲೇ ನಿಂತಿದ್ದರು. ಅರ್ಧ ದಾರಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಕೊಳವೆ ಕೆಂಪಗಾಯಿತು, ಬೆಳ್ಳಗಾಯಿತು. ಅತ್ತೆ ವಾಪಸ್ ಎಳೆಯುವ ಗುಂಡಿ ಒತ್ತಿದಳು. ತೋಳು ಅದೇ ರಾಜಗಾಂಭೀರ್ಯದಲ್ಲಿ ಹಿಂದೆ ಬರುತ್ತಿತ್ತು. ಅಷ್ಟರಲ್ಲಿ ಕೊಳವೆ ಸೀಳಿ, ತಂತಿಯ ಚೂರು ಎರಡು ಜಾಲರಿಗಳ ನಡುವೆ ಸಿಕ್ಕಿಕೊಂಡಿತು. ಕಿಟಕಿಯಲ್ಲಿ ಒಂದು ಬಿಳಿ ಮಿಂಚು. ನೀಲಿ ಬೆಳಕು ಆರಿಹೋಯಿತು. ತೊಟ್ಟಿ ತೆರೆದು ನೋಡಿದಾಗ ಜಾಲರಿಯಲ್ಲಿ ಬೆರಳು ತೂರುವಷ್ಟು ತೂತು.

ಮುಖ್ಯಸ್ಥರು ಕೆಟ್ಟವರಲ್ಲ. ಆದರೆ ಆ ಜಾಲರಿ ಮಾಡಿಸಲು ಅವರು ಎಷ್ಟು ಬಾಗಿಲು ತಟ್ಟಿದ್ದರು ಅಂತ ಅವರಿಗೇ ಗೊತ್ತು. “ಇನ್ಮುಂದೆ ಎಂಜಿನ್ ಒಳಗೆ ಯಾರೂ ಏನೂ ಹಾಕೋ ಹಾಗಿಲ್ಲ” ಅಂದರು. ಅತ್ತೆಯನ್ನು ಹಿಂದಿನ ಕಟ್ಟಡದ ಮೀಟರ್ ಕೋಣೆಗೆ ಹಾಕಿದರು. ಬೇರೆ ವಿಭಾಗಗಳ ಮೀಟರುಗಳು ಸರಿಯಾಗಿ ತೋರಿಸುತ್ತವೆಯೋ ಇಲ್ಲವೋ ನೋಡಿ, ಮೊಹರು ಹಚ್ಚಿ ಕಳಿಸುವ ಕೆಲಸ. ಕ್ಯಾಂಟೀನಿನಲ್ಲಿ ಯಾರೋ, “ಕಡ್ಡೀನ ಗುಡ್ಡ ಮಾಡೋರನ್ನ ನೋಡಿದ್ದೆ, ಕಡ್ಡೀಲಿ ಗುಂಡಿ ತೋಡಿದೋರನ್ನ ಈಗಲೇ ನೋಡಿದ್ದು” ಅಂದರಂತೆ. ಅತ್ತೆಯೇ ಮನೆಗೆ ಬಂದು ಅದನ್ನು ಹೇಳಿ, “ಮಾತೇನೋ ಚೆನ್ನಾಗಿದೆ” ಅಂದಳು. ನಗಲಿಲ್ಲ.

ಅಪ್ಪನಿಗೆ ತಂಗಿ ಅಂದರೆ ಜೀವ. “ಬಿಟ್ಟಾಕು ಪುಟ್ಟಿ” ಅಂದ. “ಕಾಲೇಜಲ್ಲಿ ಪಾಠ ಮಾಡು. ಗೌರವದ ಕೆಲಸ. ಇಲ್ಲಿ ಮೀಟರಿಗೆ ಮೊಹರು ಹಾಕ್ಕೊಂಡು ಯಾಕೆ ಕೊಳೀತೀಯ?”

“ಅಣ್ಣ, ಕಡ್ಡಿ ಹಾಕಿದ್ದು ತಪ್ಪಲ್ಲ. ನಿಧಾನ ಹೋಗಿದ್ದು ತಪ್ಪು. ಆ ತಪ್ಪನ್ನ ಸರಿಮಾಡದೆ ಹೋದ್ರೆ ಪಾಠ ಏನಂತ ಮಾಡ್ಲಿ?”

ಅಜ್ಜ ಮಾತ್ರ ಬುದ್ಧಿ ಹೇಳಲು ಹೋಗಲಿಲ್ಲ. “ಮೊದಲು ಊಟ ಮಾಡು. ಹಸಿದ ಹೊಟ್ಟೇಲಿ ತಗೊಂಡ ತೀರ್ಮಾನಕ್ಕೆ ಉಪ್ಪು ಖಾರ ಇರಲ್ಲ” ಅಂದ.

ಮರುದಿನ ಸಂಜೆ ಕರೆಂಟು ಹೋಗಿತ್ತು. ಅಡುಗೆಮನೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು ನಾನು ತರಕಾರಿ ಹೆಚ್ಚುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತು, ತೋರುಬೆರಳನ್ನು ಉರಿಯ ನಡುವಿನಿಂದ ಸರ್ರನೆ ಆಚೆಗೆ ದಾಟಿಸಿದಳು. ಮತ್ತೆ ಈಚೆಗೆ.

“ಅತ್ತೆ, ಹುಚ್ಚಾ ನಿಂಗೆ?”

“ನಿಂತ್ರೆ ಸುಡುತ್ತೆ, ಓಡಿದ್ರೆ ಸುಡಲ್ಲ. ಇದು ಚಿಕ್ಕ ಮಕ್ಕಳಿಗೂ ಗೊತ್ತು. ಕಷ್ಟ ಏನಪ್ಪ ಅಂದ್ರೆ, ಓಡಿಹೋಗಿ ಓಡಿಬರೋ ಅಷ್ಟರಲ್ಲಿ ಅಲ್ಲಿ ಏನೇನಿದೆ ಅಂತ ಎಲ್ಲ ನೋಡ್ಕೊಂಡೂ ಬರಬೇಕು. ಪಕ್ಕದ ಮನೆಗೆ ಸಕ್ಕರೆ ಕೇಳೋಕೆ ಹೋದೋಳ ಥರ.”

ಅಲ್ಲಿಂದ ಶುರುವಾಯಿತು. ಮೀಟರಿನ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ, ವರ್ಕ್‌ಶಾಪಿನ ಹಿರಿಯ ಮೇಸ್ತ್ರಿಯ ಜೊತೆ ಸೇರಿ ವೇಗವಾಗಿ ಓಡುವ ತೋಳು ಕಟ್ಟತೊಡಗಿದಳು. ಮುಖ್ಯಸ್ಥರ ಒಪ್ಪಿಗೆ ಕೇಳಿಯೇ ಮಾಡಿದಳು. “ಎಂಜಿನ್ ಹತ್ರ ತರದೆ ಇದ್ರೆ ಏನ್ ಬೇಕಾದ್ರೂ ಮಾಡ್ಕೊಳ್ಳಿ” ಅಂದಿದ್ದರು. ಮೇಸ್ತ್ರಿ ಸಿಡುಕಿನ ಮನುಷ್ಯ. ಲೇತಿನ ಮುಂದೆ ನಿಂತರೆ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಆದರೆ ಅತ್ತೆ ತಂದ ನಕ್ಷೆ ನೋಡಿ, “ಇದು ಆಗಲ್ಲ” ಅಂದರಂತೆ. ಮರುದಿನ ಅರ್ಧ ಭಾಗ ಮಾಡಿ ತಂದು, “ನೋಡಿ, ಆಗಲ್ಲ ಅಂದಿದ್ದೆ” ಅಂತ ಕೊಟ್ಟರಂತೆ. ಅತ್ತೆ ಅದನ್ನು ಹೇಳಿಕೊಂಡು ನಗುತ್ತಿದ್ದಳು.

ಆಗದೇ ಹೋದದ್ದು ಎರಡು ವಿಷಯ. ಒಮ್ಮೆಲೇ ಓಡಿಸಿ ಒಮ್ಮೆಲೇ ನಿಲ್ಲಿಸಿದರೆ ಕೊಳವೆಯ ತುದಿ ಬಳ್ಳಿಯ ಹಾಗೆ ಬಳುಕುತ್ತಿತ್ತು. ಎಂಜಿನ್ನಿನೊಳಗೆ ಹಾಗೆ ಬಳುಕಿದರೆ ಜಾಲರಿಗೆ ತಾಗುವುದೇ. ಹೊರಡುವಾಗ ಮೆಲ್ಲಗೆ, ನಡುವೆ ಓಟ, ನಿಲ್ಲುವಾಗ ಮತ್ತೆ ಮೆಲ್ಲಗೆ ಅಂತ ಮೋಟಾರಿಗೆ ನಡಿಗೆ ಕಲಿಸಿ ಅದನ್ನು ಗೆದ್ದಳು. ಎರಡನೆಯದು ಬಗೆಹರಿಯಲೇ ಇಲ್ಲ. ತಂತಿಯ ಹಿಂದೆ ಒಂದು ಉದ್ದನೆಯ ಕೇಬಲ್ ಇತ್ತು. ತೋಳು ಹಿಂದಕ್ಕೆ ಓಡಿ ಬರುವಾಗ ಕೇಬಲ್ ಸಡಿಲಗೊಂಡು, ಸುರುಳಿಯಾಗಿ ಹಳಿಗೆ ಸಿಕ್ಕಿಬೀಳುತ್ತಿತ್ತು. ಸ್ಪ್ರಿಂಗ್ ಹಾಕಿದಳು, ಅದು ಜಗ್ಗಿತು. ರಾಟೆ ಹಾಕಿದಳು, ಅದು ಹಿಂದುಳಿಯಿತು. ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡೇ ಓಡಾಡಿದಳು.

ಒಂದು ರಜೆಯ ದಿನ ಅಜ್ಜನ ಕೈ ನೋಯುತ್ತಿತ್ತು. ಒಬ್ಬ ದರ್ಜಿ ತನ್ನ ಯಂತ್ರ ದಾರ ತುಂಡು ಮಾಡುತ್ತಿದೆ ಅಂತ ತಂದಿದ್ದ. ಅತ್ತೆಯೇ ಸ್ಟೂಲು ಎಳೆದುಕೊಂಡು ಕೂತಳು. ದಾರ ಪೋಣಿಸಿ, ಚಕ್ರವನ್ನು ಕೈಯಿಂದ ತಿರುಗಿಸಿದಳು. ಹೊಲಿಗೆ ಯಂತ್ರದ ಮುಂಭಾಗದಲ್ಲಿ, ಸೂಜಿಯ ಜೊತೆಗೆ ಏರಿಳಿಯುವ ಒಂದು ಸಣ್ಣ ಸನ್ನೆಕೋಲು ಇರುತ್ತದೆ. ದಾರ ಅದರ ಕಣ್ಣಿನಿಂದಲೇ ಹಾದು ಬರುತ್ತದೆ. ಸೂಜಿ ಇಳಿದಾಗ ಅದು ದಾರ ಬಿಟ್ಟುಕೊಡುತ್ತದೆ, ಸೂಜಿ ಏಳುವಾಗ ಸಡಿಲವಾದದ್ದನ್ನು ತಾನೇ ಎಳೆದುಕೊಳ್ಳುತ್ತದೆ. ಅತ್ತೆ ಚಕ್ರವನ್ನು ಒಮ್ಮೆ ಮುಂದಕ್ಕೆ ತಿರುಗಿಸಿದಳು, ಒಮ್ಮೆ ಹಿಂದಕ್ಕೆ. ಮತ್ತೆ ಮುಂದಕ್ಕೆ.

“ಅಕ್ಕಾ, ಯಂತ್ರ ಬದುಕುತ್ತಾ?” ಅಂತ ದರ್ಜಿ ಗಾಬರಿಯಿಂದ ಕೇಳಿದ.

“ಬದುಕುತ್ತಣ್ಣ. ಇದೂ ಬದುಕುತ್ತೆ, ನಂದೂ ಬದುಕುತ್ತೆ.”

ತೋಳಿಗೇ ಜೋಡಿಸಿದ ಅಂಥದೇ ಒಂದು ಸನ್ನೆಯನ್ನು ಮೇಸ್ತ್ರಿ ಆ ವಾರ ಮಾಡಿಕೊಟ್ಟರು. ತೋಳು ಓಡಿದಷ್ಟೂ ಕೇಬಲ್ ಬಿಡುತ್ತಿತ್ತು, ಮರಳಿದಷ್ಟೂ ಎಳೆದುಕೊಳ್ಳುತ್ತಿತ್ತು. ತೋಳು ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬರುತ್ತಿತ್ತು. “ಇದೂ ಆಗಲ್ಲ ಅಂತ ಹೇಳ್ತೀರಾ?” ಅಂತ ಅತ್ತೆ ಕೇಳಿದ್ದಕ್ಕೆ ಮೇಸ್ತ್ರಿ, “ಹೇಳ್ತಿದ್ದೆ. ಕಣ್ಣಿಗೆ ಕಂಡ ಮೇಲೆ ಹೇಗೆ ಹೇಳ್ಲಿ?” ಅಂದರಂತೆ.

ಆ ಹೊತ್ತಿಗೆ ದೊಡ್ಡ ತೊಟ್ಟಿಯಲ್ಲಿ ಬೇರೊಂದು ಕಥೆ ನಡೆಯುತ್ತಿತ್ತು. ನೌಕೆಗೆ ಹೋಗಲಿದ್ದ ಎಂಜಿನ್ನಿನ ಪಡಿಯಚ್ಚಿನಂಥ ಇನ್ನೊಂದನ್ನು ಅಲ್ಲಿ ಬಾಳಿಕೆ ಪರೀಕ್ಷೆಗೆ ಇಟ್ಟು, ತಿಂಗಳುಗಟ್ಟಲೆ ಉರಿಸುತ್ತಿದ್ದರು. ನಡುವೆ ನಿಲ್ಲಿಸಿ, ತೆರೆದು ನೋಡಿದರು. ಕ್ಯಾಥೋಡಿನ ಬಾಯಿಗೆ ರಕ್ಷಣೆಗೆಂದು ಹಾಕಿದ್ದ ಲೋಹದ ಬಿಲ್ಲೆಯನ್ನು ಇಲಿ ಕಡಿದ ಹಾಗೆ ಏನೋ ತಿಂದುಹಾಕಿತ್ತು. ಲೆಕ್ಕದ ಪ್ರಕಾರ ಅದು ಇನ್ನೂ ಎಷ್ಟೋ ವರ್ಷ ಬರಬೇಕಿತ್ತು. ಅನಿಲ ಶುದ್ಧವಾಗಿಲ್ಲ ಅಂದರು ಒಬ್ಬರು. ಲೋಹವೇ ಕಳಪೆ ಅಂದರು ಇನ್ನೊಬ್ಬರು. ಅನಿಲ ಬದಲಾಯಿಸಿದರು, ಲೋಹ ಪರೀಕ್ಷಿಸಿದರು. ಎರಡೂ ಸರಿಯಾಗಿದ್ದವು. ಸವೆತ ನಿಲ್ಲಲಿಲ್ಲ.

ಒಂದು ಬೆಳಗ್ಗೆ ಮುಖ್ಯಸ್ಥರು ಹಿಂದಿನ ಕಟ್ಟಡಕ್ಕೆ ನಡೆದುಕೊಂಡು ಬಂದರು. ಅತ್ತೆ ಯಾವುದೋ ಮೀಟರಿನ ಬೆನ್ನು ಬಿಚ್ಚಿಕೊಂಡು ಕೂತಿದ್ದಳು. ಅವರು ಕುರ್ಚಿ ಹುಡುಕಿದರು. ಎಲ್ಲ ಕುರ್ಚಿಯ ಮೇಲೂ ಮೀಟರುಗಳೇ. ನಿಂತುಕೊಂಡೇ ಕೇಳಿದರು.

“ನಿಮ್ಮ ಓಡೋ ಕಡ್ಡಿ ಕೆಲಸ ಮಾಡುತ್ತಾ?”

“ಮಾಡುತ್ತೆ ಸರ್.”

“ಖಂಡಿತನಾ?”

“ಬೆಂಕಿ ಇಲ್ಲದ ಕಡೆ ಖಂಡಿತ. ಬೆಂಕೀಲಿ ಇನ್ನೂ ಹಾಕಿಲ್ಲ, ನೀವೇ ಬೇಡ ಅಂದಿದ್ರಿ.”

ಮುಖ್ಯಸ್ಥರು ಒಂದು ಕುರ್ಚಿಯ ಮೇಲಿನ ಮೀಟರನ್ನು ತಾವೇ ಎತ್ತಿಟ್ಟು ಕೂತರು. “ಬೇಡ ಅಂದಿದ್ದು ನಾನೇ. ಈಗ ಹಾಕಿ ಅಂತ ಕೇಳೋಕೆ ಬಂದಿರೋನೂ ನಾನೇ” ಅಂದರು. “ಕ್ಯಾಥೋಡ್ ಮುಂದೆ ಏನ್ ನಡೀತಿದೆ ಅಂತ ನೋಡಬೇಕು. ಊಹೆ ಮಾಡಿ ಮಾಡಿ ಸಾಕಾಗಿದೆ.”

ಅತ್ತೆ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಅವರ ಮುಂದೆ ಹಲ್ಲು ಕಿರಿಯಲಿಲ್ಲವಂತೆ. ಅವರು ಹೋದ ಮೇಲೆ ಬಾಗಿಲು ಹಾಕಿ ಎರಡು ಸುತ್ತು ಕುಣಿದಳಂತೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕುಣಿದು ತೋರಿಸಿದಳು ಕೂಡ.

ಅಳತೆಯ ದಿನ ಹಜಾರದಲ್ಲಿ ಕಾಲಿಡಲು ಜಾಗ ಇರಲಿಲ್ಲವಂತೆ. ಅತ್ತೆ ಗುಂಡಿ ಒತ್ತಿದಳು. ಕಿಟಕಿಯಲ್ಲಿ ನೋಡುತ್ತಿದ್ದವರಿಗೆ ಏನೋ ಮಿಂಚಿ ಮಾಯವಾದ ಹಾಗಾಯಿತು, ಅಷ್ಟೇ. ನೀಲಿ ಬೆಳಕು ಅಲುಗಾಡಲೂ ಇಲ್ಲ. ಪರದೆಯ ಮೇಲೆ ಗೆರೆಯೊಂದು ಬಂದು ನಿಂತಿತ್ತು. ತೋಳು ಒಳಗಿದ್ದ ಆ ಚೂರು ಹೊತ್ತಿನಲ್ಲೇ ತಂತಿ ದಾರಿಯುದ್ದಕ್ಕೂ ಅಳೆದುಕೊಂಡು ಬಂದಿತ್ತು. ಮತ್ತೆ ಹಾಕಿದಳು. ಸ್ವಲ್ಪ ಪಕ್ಕಕ್ಕೆ ಸರಿಸಿ ಹಾಕಿದಳು. ಊಟದ ಹೊತ್ತು ಮೀರಿದರೂ ಯಾರೂ ಕದಲಲಿಲ್ಲ. ಸಾಲುಸಾಲಾಗಿ ಗೆರೆಗಳು ಸೇರಿ, ಎಂಜಿನ್ನಿನ ಹೊಟ್ಟೆಯ ನಕ್ಷೆ ಮೂಡತೊಡಗಿತು. ಅಲ್ಲಿಯವರೆಗೆ ಅವರಲ್ಲಿ ಯಾರೂ ನೋಡದೇ ಇದ್ದ ಜಾಗ ಅದು.

ಅತ್ತೆ ಮೊದಲಿನಿಂದಲೂ ಒಂದು ಮಾತು ಹೇಳಿಕೊಂಡು ಬಂದಿದ್ದಳು: ಬಿಲ್ಲೆಯನ್ನು ತಿನ್ನುವ ಅಯಾನುಗಳು ಕ್ಯಾಥೋಡಿನ ನೇರ ಎದುರಿಗೆ ಹುಟ್ಟುತ್ತವೆ ಅಂತ. ನಕ್ಷೆ ಬೇರೆಯೇ ಹೇಳಿತು. ನೇರ ಎದುರಿಗೆ ವೋಲ್ಟೇಜು ಸಮಾಧಾನವಾಗಿಯೇ ಇತ್ತು. ಬಾಯಿಯ ಅಕ್ಕಪಕ್ಕದಲ್ಲಿ, ಅಂಚಿನ ಕಡೆಗೆ, ಗುಡ್ಡದಂತೆ ಏರಿತ್ತು. ಅಯಾನುಗಳು ಆ ಗುಡ್ಡದಿಂದ ಉರುಳಿ ಬಂದು ಬಿಲ್ಲೆಗೆ ಬಡಿಯುತ್ತಿದ್ದವು.

ಮುಖ್ಯಸ್ಥರು ಅವಳ ಕಡೆ ತಿರುಗಿ, “ಮೇಡಂ, ನೀವು ಹೇಳಿದ್ದು ಇದಲ್ವಲ್ಲ” ಅಂದರು.

“ಅಲ್ಲ ಸರ್” ಅಂದಳು ಅತ್ತೆ. “ನಾನು ಹೇಳಿದ್ದು ತಪ್ಪು. ಕಡ್ಡಿ ಹೇಳಿದ್ದು ಸರಿ. ಅದಕ್ಕೇ ತಾನೆ ಅಳೆಯೋದು?”

ಹಜಾರದಲ್ಲಿ ಮೊದಲು ನಕ್ಕವರು ಮೇಸ್ತ್ರಿ. ಆಮೇಲೆ ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರಂತೆ. ತನ್ನ ಮಾತು ಸುಳ್ಳಾದದ್ದಕ್ಕೆ ಇಷ್ಟು ಖುಷಿಪಟ್ಟವಳು ಲೋಕದಲ್ಲಿ ತಾನೊಬ್ಬಳೇ ಇರಬೇಕು ಅಂತ ಅತ್ತೆ ಆಮೇಲೆ ಹೇಳುತ್ತಿದ್ದಳು.

ಕಾಯಿಲೆ ಗೊತ್ತಾದ ಮೇಲೆ ಮದ್ದು ಕಷ್ಟವಾಗಲಿಲ್ಲ. ಅದು ಅತ್ತೆಯೊಬ್ಬಳ ಕೆಲಸವೂ ಅಲ್ಲ. ಕ್ಯಾಥೋಡಿನ ತಂಡದವರು ಅನಿಲವನ್ನು ಚೂರು ಹೆಚ್ಚು ಬಿಟ್ಟರು; ಆ ಗುಡ್ಡ ತಗ್ಗಿತು. ಬಿಲ್ಲೆಯನ್ನು ಲೋಹದ ಬದಲು ಗ್ರಾಫೈಟಿನಲ್ಲಿ ಮಾಡಿದರು. ಪ್ರತಿ ಬದಲಾವಣೆಗೂ ಅತ್ತೆಯ ತೋಳು ಒಳಗೆ ಹೋಗಿ ನೋಡಿ ಬಂದು ವರದಿ ಒಪ್ಪಿಸುತ್ತಿತ್ತು. ಮೀಟರ್ ಕೋಣೆಗೆ ಬೇರೆಯವರು ಬಂದರು. ಬಾಳಿಕೆ ಪರೀಕ್ಷೆ ಮತ್ತೆ ಮೊದಲಿನಿಂದ ಶುರುವಾಗಿ, ಬೇಕಾದಷ್ಟು ಕಾಲ ನಡೆದು, ಇನ್ನೂ ಉರಿಯುವ ಉಮೇದಿನಲ್ಲಿದ್ದ ಎಂಜಿನ್ನನ್ನು ಕೊನೆಗೆ ತಂಡದವರೇ ನಂದಿಸಿದರು.

ನೌಕೆ ಹಾರಿ, ತಿಂಗಳುಗಳ ನಂತರ ಮೊದಲ ಬಾರಿಗೆ ಬಾಹ್ಯಾಕಾಶದಲ್ಲಿ ಎಂಜಿನ್ ಹಚ್ಚುವ ದಿನ ಮನೆಯವರನ್ನೂ ಪ್ರಯೋಗಾಲಯಕ್ಕೆ ಕರೆದಿದ್ದರು. ಅಪ್ಪ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ದೊಡ್ಡ ಪರದೆಯಲ್ಲಿ ಬರೀ ಅಂಕಿಗಳು. ನೋಡಲು ಏನೂ ಇರಲಿಲ್ಲ. ಒಂದು ಅಂಕಿ ಮೆಲ್ಲಗೆ ಏರಿ ನಿಂತಿತು. ಮುಂದೆ ಕೂತ ಒಬ್ಬ ಎಂಜಿನಿಯರ್ ಎರಡೂ ಕೈ ಎತ್ತಿದ. ಅತ್ತೆ ನನ್ನ ಮುಂಗೈ ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದರೆ, ಬಳೆಯ ಗುರುತು ಸಂಜೆಯವರೆಗೂ ಇತ್ತು.

ಮುಖ್ಯಸ್ಥರು ಬಂದು ಅಜ್ಜನಿಗೆ ಕೈಮುಗಿದರು. “ಒಳಗೆ ಏನಿದೆ ಅಂತ ನಾವೆಲ್ಲ ಹೊರಗೆ ನಿಂತು ವಾದ ಮಾಡ್ತಿದ್ವಿ. ನಿಮ್ಮ ಮಗಳು ಹೋಗಿ ನೋಡಿ ಬಂದ್ರು” ಅಂದರು. ಅಜ್ಜನೂ ಕೈಮುಗಿದ. ಆ ಓಡುವ ತೋಳನ್ನು ನೋಡಬೇಕು ಅಂದ. ಕೈಗವಸು ಕೊಟ್ಟರು. ಅಜ್ಜ ಸನ್ನೆಯನ್ನು ಹೆಬ್ಬೆರಳಿನಿಂದ ಮೇಲೆ ಕೆಳಗೆ ಆಡಿಸಿ, ಕಿವಿ ಹತ್ತಿರ ತಂದು ಕೇಳಿ, “ಎಣ್ಣೆ ಹಾಕಿಲ್ವಲ್ಲಮ್ಮ” ಅಂದ.

“ಅಪ್ಪಾ, ಶೂನ್ಯದಲ್ಲಿ ಎಣ್ಣೆ ಹಾಕಿದ್ರೆ ಆವಿಯಾಗಿ ಎಲ್ಲ ಕೆಡುತ್ತೆ.”

“ಎಣ್ಣೆ ಇಲ್ಲದೆ ಇಷ್ಟು ನಯ ಓಡುತ್ತಾ?” ಅಜ್ಜ ಮತ್ತೊಮ್ಮೆ ಆಡಿಸಿ ನೋಡಿದ. “ಹಾಗಾದ್ರೆ ನನಗಿಂತ ಮೇಲಾದೆ ಬಿಡು.”

ಅವನ ಬಾಯಿಂದ ಅಂಥ ಮಾತು ಬಂದದ್ದು ಅದೊಂದೇ ಸಲ. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ, ಕನ್ನಡಕ ಒರೆಸಿಕೊಂಡಳು.

ಈಗ ಅಳತೆಯ ವಿಭಾಗಕ್ಕೆ ಅತ್ತೆಯೇ ಮುಖ್ಯಸ್ಥೆ. ಕಳೆದ ವರ್ಷ ಬೇರೆ ಊರಿನ ಒಂದು ಪ್ರಯೋಗಾಲಯದವರು ತಮ್ಮ ಎಂಜಿನ್ನಿಗೂ ಅಂಥದೇ ತೋಳು ಬೇಕು ಅಂತ ಕೇಳಿಕೊಂಡರು. ನಕ್ಷೆ ಕಳಿಸಿ ಸುಮ್ಮನಾಗದೆ ತಾನೇ ಹೊರಟಳು. ರಜೆಯಲ್ಲಿದ್ದ ನಾನೂ ಜೊತೆಗೆ ಹೋದೆ. ಅವರ ಎಂಜಿನ್ ಇನ್ನೂ ದೊಡ್ಡದು, ಅನಿಲವೂ ಬೇರೆ. ಬೆಳಕು ನೀಲಿಯಲ್ಲ, ನೇರಳೆಯ ಕಡೆಗೆ ತಿರುಗಿತ್ತು. ಗುಂಡಿ ಒತ್ತುವ ಹೊತ್ತು ಬಂದಾಗ ಅಲ್ಲಿನ ಎಂಜಿನಿಯರಮ್ಮ, “ನೀವೇ ಒತ್ತಿ ಮೇಡಂ, ನಮಗೆ ಭಯ” ಅಂದರು.

“ಎಂಜಿನ್ ನಿಮ್ಮದು, ಭಯಾನೂ ನಿಮ್ಮದೇ. ಒತ್ತಿ” ಅಂದಳು ಅತ್ತೆ.

ಆಕೆ ಕಣ್ಣು ಮುಚ್ಚಿಕೊಂಡು ಒತ್ತಿದರು. ಕಣ್ಣು ತೆರೆದಾಗ ಗೆರೆ ಬಂದಿತ್ತು. ಆಕೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ, “ಇದು ನಾವಂದುಕೊಂಡ ಹಾಗೆ ಇಲ್ವೇ ಇಲ್ಲ!” ಅಂತ ಕೂಗಿದರು. ಅತ್ತೆ ಒಂದು ಕುರ್ಚಿ ಎಳೆದು ಆಕೆಯ ಪಕ್ಕದಲ್ಲಿ ಕೂತಳು.

“ಸರಿ ಹಾಗಾದ್ರೆ, ಹೇಗಿದೆ ಹೇಳಿ” ಅಂದಳು.